ಕರೆಯದೆ ಹೋದ ಕುಳ್ಳ ಕುರ್ಚಿ

ನಾನು ಒಂದು ಕುಳ್ಳ ಕುರ್ಚಿ. ದಾವಣಗೆರೆಯಲ್ಲಿ ಯಾರೋ ಹಳೇ ಮನೆ ಕೆಡವಿದಾಗ ಸಿಕ್ಕ ತೇಗದ ಬಾಗಿಲವಾಡದಿಂದ ನನ್ನನ್ನು ಮಾಡಿದವನು ದಾದಾಪೀರ್ ಎಂಬ ಬಡಿಗ. ಅವನು ನನ್ನನ್ನು ಮೆಚ್ಚಿ ಮಾಡಲಿಲ್ಲ. ಮಾಡಿಸಿದಾಕೆ ಎರಡು ಸಲ ವಾಪಸು ಕಳಿಸಿದ್ದಳು. ಮೊದಲ ಸಲ ನನ್ನ ಅಂಚುಗಳು ಚೂಪು ಅಂದಳು, ಇನ್ನೊಂದು ಸಲ ತೂಕ ಹೆಚ್ಚು ಅಂದಳು. ಎತ್ತುವುದು ಮಗು, ನೀವಲ್ಲ ಎಂದು ಅವನ ಮುಖಕ್ಕೇ ಹೇಳಿದಳು. ದಾದಾಪೀರ್ ಬೈದುಕೊಳ್ಳುತ್ತಲೇ ನನ್ನ ಕಾಲುಗಳನ್ನು ಹೆರೆದು ಸಣ್ಣ ಮಾಡಿದ, ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದ. ಹೀಗೆ ಬೈಗುಳದ ನಡುವೆ ನನ್ನ ಜನನವಾಯಿತು.

ಮಾಡಿಸಿದಾಕೆ ಪ್ರಫುಲ್ಲಾ ಮಿಸ್. ಮೈಸೂರು ಕಡೆಯಿಂದ ಬಂದವಳು, ವಿದ್ಯಾನಗರದಲ್ಲಿ ತನ್ನ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಮಾಂಟೆಸ್ಸರಿ ಶಾಲೆ ನಡೆಸುತ್ತಿದ್ದಳು. ಅಲ್ಲಿ ಎಲ್ಲವೂ ನನ್ನಂತೆ ಕುಳ್ಳಗಿದ್ದವು. ಕಪಾಟು, ಮೇಜು, ಕೈ ತೊಳೆಯುವ ನಲ್ಲಿ ಎಲ್ಲ ಮಕ್ಕಳ ಎತ್ತರಕ್ಕೆ. ಮಿಸ್ ಒಂದು ಕೆಲಸವನ್ನು ಮಗುವಿಗೆ ಒಮ್ಮೆ ನಿಧಾನವಾಗಿ ಮಾಡಿ ತೋರಿಸುತ್ತಿದ್ದಳು. ಹೂಜಿಯಿಂದ ಲೋಟಕ್ಕೆ ನೀರು ಸುರಿಯುವುದು, ಚಮಚದಲ್ಲಿ ಕಾಳು ಎತ್ತಿ ಇನ್ನೊಂದು ಬಟ್ಟಲಿಗೆ ಹಾಕುವುದು, ಮೇಜು ಒರೆಸುವುದು. ಆಮೇಲೆ ಹಿಂದೆ ಸರಿದು ನಿಲ್ಲುತ್ತಿದ್ದಳು. ನೀರು ಚೆಲ್ಲಿದರೆ ಮಗುವೇ ಬಟ್ಟೆ ತಂದು ಒರೆಸಬೇಕು. ಮಕ್ಕಳೊಡನೆ ಅವಳ ದನಿ ಏರಿದ್ದನ್ನು ನಾನು ಕೇಳಿಲ್ಲ. ದೊಡ್ಡವರೊಡನೆ ಅದು ಇಳಿದದ್ದನ್ನೂ ಕೇಳಿಲ್ಲ. ನನಗಂತೂ ಅವಳು ಹಿಡಿಸುತ್ತಿರಲಿಲ್ಲ.

ಒಂದು ಜೂನ್ ತಿಂಗಳಲ್ಲಿ ಪೂರ್ವಿ ಬಂದಳು. ಅವಳಿಗೆ ಆಗ ನಾಲ್ಕು ವರ್ಷ ತುಂಬಿತ್ತು. ತಂದೆ ಕೊಟ್ರೇಶಪ್ಪನದು ಮಂಡಕ್ಕಿ ಹುರಿಯುವ ಭಟ್ಟಿ. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಅವಳನ್ನು ನನ್ನ ಮೇಲೆ ಕೂರಿಸಿದರು. ಹಗುರವಾದ ಮಗು. ತಿಂಡಿಯ ಹೊತ್ತಿಗೆ ಉಳಿದ ಮಕ್ಕಳು ಡಬ್ಬಿ ತೆರೆದು ತಿನ್ನತೊಡಗಿದರೆ, ಇವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದು ಕೂತಳು. ಹಕ್ಕಿ ಮರಿಯಂತೆ ಕಾದಳು. ಮಿಸ್ ಚಮಚ ತೋರಿಸಿದಳು. ಪೂರ್ವಿ ಅದನ್ನು ನೋಡಿದಳು, ಮುಟ್ಟಲಿಲ್ಲ. ಮಿಸ್ ತಿನ್ನಿಸಲಿಲ್ಲ. ಮಗು ಹಸಿದೇ ಮನೆಗೆ ಹೋಯಿತು.

ಮರುದಿನ ಕೊಟ್ರೇಶಪ್ಪ ಬಂದ. ಚಪ್ಪಲಿ ಬಿಚ್ಚದೆ ಒಳಗೆ ನುಗ್ಗಿದ. ನನಗೆ ಕಂಡದ್ದು ಭಟ್ಟಿಯ ಬೂದಿ ಹಿಡಿದ ಪ್ಯಾಂಟಿನ ಅಂಚು ಮತ್ತು ಕೈಯಲ್ಲಿದ್ದ ಬೀಗದ ಕೈ ಗೊಂಚಲು.

"ಮಗು ಉಪಾಸ ಬಂದೈತೆ ಮೇಡಮ್. ಒಂದ್ ತುತ್ತು ಬಾಯಿಗಿಟ್ರೆ ನಿಮ್ ಕೈ ಸವೀತೈತಾ?" ಅಂದ.

"ನನ್ನ ಕೈ ಸವೆಯಲ್ಲ. ಅವಳ ಕೈ ಬೆಳೆಯಲ್ಲ," ಅಂದಳು ಮಿಸ್.

ಅಷ್ಟರಲ್ಲಿ ಒಬ್ಬ ಹುಡುಗಿ ಮೇಜು ಒರೆಸುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಅವನ ಸಿಟ್ಟಿಗೆ ಇನ್ನೊಂದು ಕಟ್ಟಿಗೆ ಬಿದ್ದಂತಾಯಿತು. ಓದಿಸಲು ಕಳಿಸಿದರೆ ಕಸಮುಸುರೆ ಕಲಿಸುತ್ತೀರಾ, ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಆಳಿದ್ದಾರೆ ಎಂದೆಲ್ಲ ಕೂಗಾಡಿದ. ಮಿಸ್ ಬಾಗಿಲ ಕಡೆ ಕೈ ತೋರಿದಳು. ಚಪ್ಪಲಿ ಬಿಚ್ಚಿ ಬಂದರೆ ಮಾತಾಡುತ್ತೇನೆ ಅಂದಳು. ಅವನು ಹಾಗೇ ಹೊರಟುಹೋದ.

ಮಗಳನ್ನು ಶಾಲೆ ಬಿಡಿಸುತ್ತಾನೆ ಎಂದುಕೊಂಡೆ. ಆದರೆ ತಾಯಿ ಶೈಲಾ ದಿನಾ ತಂದು ಬಿಟ್ಟಳು. ಕಡಿಮೆ ಮಾತಿನ, ಹಟದ ಹೆಂಗಸು. ನಿಧಾನಕ್ಕೆ ಪೂರ್ವಿಯ ಕೈ ತೊಡೆಯಿಂದ ಮೇಲೆದ್ದಿತು. ಮೊದಲು ಕಾಳು ಎತ್ತಿದಳು, ಆಮೇಲೆ ನೀರು ಸುರಿದಳು. ಒಂದು ಶುಕ್ರವಾರ ಅನ್ನದ ಚಮಚವನ್ನು ತಾನೇ ಬಾಯಿಗೆ ಒಯ್ದಳು. ಅರ್ಧ ನನ್ನ ಮೇಲೆ ಬಿತ್ತು. ಸೋಮವಾರ ಬಂದಾಗ ಮತ್ತೆ ಬಾಯಿ ತೆರೆದು ಕೂತಿದ್ದಳು. ಪ್ರತಿ ವಾರ ಇದೇ ಕತೆ. ಇಲ್ಲಿ ಕಟ್ಟಿದ್ದನ್ನು ಮನೆಯಲ್ಲಿ ಬಿಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಮಿಸ್ ನನ್ನನ್ನು ಎತ್ತಿ ಶೈಲಾಳ ಸ್ಕೂಟರಿನ ಮುಂದೆ ಇಟ್ಟಳು. ಮನೆಯಲ್ಲೂ ಮಗು ಇದರ ಮೇಲೇ ಕೂತು ಉಣ್ಣಬೇಕು, ಆಗದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದಳು. ಶೈಲಾ ನನ್ನನ್ನು ಕಾಲುಗಳ ನಡುವೆ ಒತ್ತಿ ಹಿಡಿದು ಗಾಡಿ ಓಡಿಸಿದಳು.

ಆ ಮನೆಯಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ಅದನ್ನು ತಿಳಿಸಿಕೊಟ್ಟವಳು ಕೊಟ್ರೇಶಪ್ಪನ ತಾಯಿ ಹಾಲಮ್ಮ. ದಪ್ಪ ಬೆಳ್ಳಿ ಕಾಲುಂಗುರ, ಬಿರುಕು ಬಿಟ್ಟ ಹಿಮ್ಮಡಿ. ನನ್ನನ್ನು ಕಂಡ ಕೂಡಲೇ ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಶೈಲಾ ಬೆಳಿಗ್ಗೆ ನನ್ನನ್ನು ಊಟದ ಮನೆಯ ಗೋಡೆ ಬದಿಗೆ ಇಡುತ್ತಿದ್ದಳು. ಮಧ್ಯಾಹ್ನದೊಳಗೆ ಹಾಲಮ್ಮ ನನ್ನನ್ನು ಬಚ್ಚಲಿಗೆ ಸಾಗಿಸಿ ಮೇಲೊಂದು ಬಕೆಟ್ ಇಡುತ್ತಿದ್ದಳು. ಸಂಜೆ ಶೈಲಾ ಒರೆಸಿ ಮತ್ತೆ ತರುತ್ತಿದ್ದಳು. ಅತ್ತೆ ಸೊಸೆ ಒಂದು ಮಾತೂ ಆಡುತ್ತಿರಲಿಲ್ಲ. ಇಬ್ಬರ ಜಗಳದಲ್ಲಿ ತೋಯ್ದು ಉಬ್ಬಿದ್ದು ನಾನು.

ಊಟದ ಹೊತ್ತು ಹಾಲಮ್ಮ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಎದುರಿಗೆ ಮೊಬೈಲಿನಲ್ಲಿ ಬೊಂಬೆಗಳ ಕುಣಿತ. ಅನ್ನ, ಬೇಳೆ, ತುಪ್ಪ ಸೇರಿಸಿ ಬೆಣ್ಣೆಯಂತೆ ನಾದಿ, ಬೆರಳಿನಿಂದ ಸಣ್ಣ ಸಣ್ಣ ತುತ್ತು ಬಾಯಿಗೆ ಸವರುತ್ತಿದ್ದಳು. ಪ್ರತಿ ತುತ್ತಿನ ಮೇಲೂ ಮಗುವಿನ ಗಂಟಲನ್ನೇ ನೋಡುತ್ತಿದ್ದಳು. ಅದನ್ನು ನಾನು ಮೊಂಡುತನ ಎಂದೇ ತಿಳಿದಿದ್ದೆ.

ಒಂದು ಭಾನುವಾರ ಶೈಲಾ ಮಗುವನ್ನು ನನ್ನ ಮೇಲೆ ಕೂರಿಸಿ ಕೈಗೆ ಚಮಚ ಕೊಟ್ಟಳು. ಹಾಲಮ್ಮ ಬಂದು ಚಮಚ ಕಿತ್ತುಕೊಂಡಳು. ಶೈಲಾ ಬಿಡಲಿಲ್ಲ. ಪೂರ್ವಿ ಅಳತೊಡಗಿದಳು. ಸ್ನಾನ ಮುಗಿಸಿ ಬಂದ ಕೊಟ್ರೇಶಪ್ಪ ಮಗಳನ್ನು ಎತ್ತಿ ತಾಯಿಗೆ ಕೊಟ್ಟ, ನನ್ನ ಬೆನ್ನು ಹಿಡಿದು ಹಿತ್ತಲಿಗೆ ಎಸೆದ. ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ನನ್ನ ಹಿಂಗಾಲು ಸೀಳಿತು.

ಶೈಲಾ ನನ್ನನ್ನು ಎತ್ತಿಕೊಂಡು ಬಂದಳು. ಹಳೇ ಸೀರೆಯ ಅಂಚು ಹರಿದು ನನ್ನ ಕಾಲಿಗೆ ಬಿಗಿಯಾಗಿ ಸುತ್ತಿದಳು. ಅದೇ ಗೋಡೆಯ ಬದಿಗೆ ಇಟ್ಟು ಗಂಡನ ಕಡೆ ತಿರುಗಿ, "ನಾವ್ಯಾರೂ ಇಲ್ದಾಗ ಇವಳ ಬಾಯಿಗೆ ಯಾರ್ ಇಡ್ತಾರೆ ಅಂತ ಹೇಳ್ರಿ. ಆಮೇಲೆ ಇದನ್ನ ಒಲೆಗ್ ಹಾಕ್ರಿ," ಅಂದಳು.

ಮರುದಿನದಿಂದ ಕೊಟ್ರೇಶಪ್ಪ ಮಗಳನ್ನು ಶಾಲೆಗೆ ಕಳಿಸುವುದನ್ನೇ ನಿಲ್ಲಿಸಿಬಿಟ್ಟ.

ಆ ವಾರ ಮುಗಿಯುವ ಹೊತ್ತಿಗೆ ಪ್ರಫುಲ್ಲಾ ಮಿಸ್ ಮನೆಗೇ ಬಂದಳು. ಕುಡಿಯಲು ನೀರು ಕೊಟ್ಟವಳು ಶೈಲಾ ಒಬ್ಬಳೇ. ಕೊಟ್ರೇಶಪ್ಪ ಕೈಕಟ್ಟಿ ಬಾಗಿಲಲ್ಲಿ ನಿಂತ. ಮಿಸ್‌ಗೆ ಮೊದಲು ಕಂಡದ್ದು ನನ್ನ ಕಾಲಿನ ಪಟ್ಟಿ. ಅವಳ ದನಿ ಗಟ್ಟಿಯಾಯಿತು. ಮಗುವಿನ ಕೈ ಕಟ್ಟಿಹಾಕಿ ಅದಕ್ಕೆ ಪ್ರೀತಿ ಅಂತ ಹೆಸರಿಟ್ಟಿದ್ದೀರಿ, ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಅಂದಳು.

ಹಾಲಮ್ಮ ಎದ್ದು ನಿಂತಳು. ಈಗ ನನ್ನ ಮಾತು ಕೇಳಿ ಅಂದಳು.

ಪೂರ್ವಿ ದಿನ ತುಂಬುವ ಮೊದಲೇ ಹುಟ್ಟಿದವಳಂತೆ. ಆಸ್ಪತ್ರೆಯಲ್ಲಿ ಅವಳಿಗೆ ಹಾಲು ಇಳಿಸಿದ್ದು ಮೂಗಿನ ನಳಿಕೆಯಿಂದ. ಎರಡು ವರ್ಷದವಳಿದ್ದಾಗ ನಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಯಾರೋ ನಗುನಗುತ್ತಾ ಅವಳ ಬಾಯಿಗೆ ಕೊಬ್ಬರಿ ಚೂರು ಹಾಕಿದರು. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಮಗುವಿಗೆ ಅಳಲೂ ದನಿ ಬರಲಿಲ್ಲ, ತುಟಿ ನೀಲಿಯಾಯಿತು. ಎಲ್ಲರೂ ಕಿರುಚುತ್ತಿದ್ದಾಗ ಹಾಲಮ್ಮ ಅವಳನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ಹೊಡೆದು ಹೊಡೆದು ಆ ಚೂರನ್ನು ಹೊರಗೆ ಹಾಕಿಸಿದ್ದಳು. ಇದೆಲ್ಲವನ್ನೂ ಅವಳು ಅಳದೆ, ಬಯ್ಯುವ ದನಿಯಲ್ಲೇ ಹೇಳಿದಳು.

ಮಿಸ್ ನೀರಿನ ಲೋಟ ಕೆಳಗಿಟ್ಟಳು. "ಇದನ್ನ ನನಗೆ ಮೊದಲೇ ಹೇಳಬೇಕಿತ್ತು," ಅಂದಳು.

"ನೀವ್ ಯಾವತ್ ಕೇಳಿದ್ರಿ?" ಅಂದಳು ಹಾಲಮ್ಮ. "ಬಂದಾಗಿಂದ ಬರೇ ಹೇಳೋದೇ ಆತು."

ಹೇಳಿದರೆ ಶಾಲೆಗೆ ಸೇರಿಸಿಕೊಳ್ಳಲಾರರು ಎಂದು ಹೆದರಿ ಮುಚ್ಚಿಟ್ಟೆ ಎಂದು ಶೈಲಾ ಮೆಲ್ಲನೆ ಒಪ್ಪಿಕೊಂಡಳು. ಪ್ರಫುಲ್ಲಾ ಮಿಸ್ ತಪ್ಪಾಯಿತು ಎನ್ನಲಿಲ್ಲ. ಆ ಪದ ಅವಳ ಬಾಯಲ್ಲಿ ಇರಲೇ ಇಲ್ಲವೇನೋ. ಹಾಲಮ್ಮನ ಕಡೆ ತಿರುಗಿ, ಮೊದಲು ಡಾಕ್ಟರಿಗೆ ಗಂಟಲು ತೋರಿಸಿ ಬನ್ನಿ, ಆಮೇಲೆ ದಿನಾ ತಿಂಡಿಯ ಹೊತ್ತಿಗೆ ನೀವೇ ಶಾಲೆಗೆ ಬಂದು ಮೊಮ್ಮಗಳ ಪಕ್ಕದಲ್ಲಿ ಕೂರಿ ಎಂದಳು. ನೋಡಬಹುದು, ಮುಟ್ಟಬಾರದು. ಹಾಲಮ್ಮ ಬರುತ್ತೇನೆ ಅಂದಳು, ಆದರೆ ತನ್ನದೂ ಒಂದು ಷರತ್ತು ಹಾಕಿದಳು. ಮಗು ಏನು ತಿನ್ನಬೇಕು ಅನ್ನುವುದು ತನಗೆ ಬಿಟ್ಟದ್ದು, ಮತ್ತು ಅವಳು ತಿನ್ನುವಾಗ ಆ ಮೇಜಿನ ಸುತ್ತ ಯಾರೂ ನಗಕೂಡದು, ಮಾತಾಡಕೂಡದು. ಮಿಸ್ ತುಟಿ ಬಿಗಿದು ಒಪ್ಪಿಕೊಂಡಳು.

ಡಾಕ್ಟರು ಗಂಟಲು ಸರಿಯಾಗಿದೆ ಅಂದರಂತೆ. ಹಾಲಮ್ಮ ದಿನಾ ಶಾಲೆಗೆ ಹೋದಳು. ಅಲ್ಲಿ ಏನಾಯಿತೆಂದು ನಾನು ಕಂಡಿಲ್ಲ, ನನ್ನನ್ನು ಮನೆಯಲ್ಲೇ ಉಳಿಸಿದ್ದರು. ಆದರೆ ಮನೆಗೆ ಬಂದ ಮೇಲೆ ಆಕೆ ಮಿಸ್‌ನ ಮೈಸೂರು ಮಾತನ್ನು ಅಣಕಿಸುತ್ತಿದ್ದಳು, ಬಿಗಿದ ಮುಖವನ್ನು ಅಣಕಿಸುತ್ತಿದ್ದಳು. ಅಣಕಿಸುತ್ತಲೇ ಒಂದು ದಿನ ಬಚ್ಚಲಿನಿಂದ ನನ್ನನ್ನು ತಾನೇ ಎತ್ತಿಕೊಂಡು ಬಂದು ಗೋಡೆಯ ಬದಿಗೆ ಇಟ್ಟಳು. ಶೈಲಾ ಕಂಡೂ ಕಾಣದಂತೆ ಸೊಪ್ಪು ಸೋಸಿದಳು. ಕೊಟ್ರೇಶಪ್ಪ ನನ್ನ ಸೀಳಿದ ಕಾಲಿಗೆ ಮೊಳೆ ಹೊಡೆದ. ಸೊಟ್ಟಗೆ ಹೊಡೆದ. ಅಂದಿನಿಂದ ನಾನು ಸ್ವಲ್ಪ ಕುಂಟು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪೂರ್ವಿ ನನ್ನ ಮೇಲೆ ಕೂತು ಒಗ್ಗರಣೆ ಹಾಕಿದ ಮಂಡಕ್ಕಿ ತಿನ್ನುತ್ತಿದ್ದಳು. ಮಂಡಕ್ಕಿಯೇ ಆ ಮನೆಯ ಹೆಮ್ಮೆ, ಆದರೂ ಅಲ್ಲಿಯವರೆಗೆ ಅವಳಿಗೆ ಅದನ್ನು ಕೊಟ್ಟಿರಲಿಲ್ಲ. ನೆನೆಸಿ ಮೆತ್ತಗೆ ಮಾಡಿ ಕೊಟ್ಟಿದ್ದಳು ಹಾಲಮ್ಮ. ನಾಲ್ಕೈದು ಚಮಚ ಆಗಿತ್ತು. ಇದ್ದಕ್ಕಿದ್ದಂತೆ ಮಗು ಕೆಮ್ಮಿತು. ಮತ್ತೆ ಕೆಮ್ಮಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅವಳ ಮೈ ನನ್ನ ಮೇಲೆ ಎಗರುತ್ತಿತ್ತು. ಕೊಟ್ರೇಶಪ್ಪ ತಟ್ಟೆ ಬಿಟ್ಟು ಹಾರಿ ಬಂದ, ಬಾಯಿಗೆ ಬೆರಳು ಹಾಕಲು ಕೈ ಚಾಚಿದ. ಹಾಲಮ್ಮ ಅವನ ರಟ್ಟೆ ಹಿಡಿದಳು.

"ತಡಿಯೋ. ಕೆಮ್ಮಾಕತ್ತಾಳೆ. ಕೆಮ್ಮಲಿ."

"ಅವ್ವಾ, ಬಿಡು."

"ದನಿ ಬರಾಕತ್ತೈತೆ. ದನಿ ನಿಂತ್ರೆ ನಾನದೀನಿ. ಕೆಮ್ಮೋವಾಗ ಮುಟ್ಟಬಾರ್ದಂತ ಆ ಮೇಡಮ್ ಹೇಳಿಕೊಟ್ಟಾಳೆ. ತಡಿ."

ಆ ಮುದುಕಿಯ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಒಂದು ಕೈ ಮಗನ ರಟ್ಟೆಯ ಮೇಲೆ, ಇನ್ನೊಂದು ಕೈ ಮಗುವಿನ ಬೆನ್ನಿನ ಹಿಂದೆ, ಮುಟ್ಟದೆ, ಸಿದ್ಧವಾಗಿ. ಪೂರ್ವಿ ಇನ್ನೊಮ್ಮೆ ಜೋರಾಗಿ ಕೆಮ್ಮಿದಳು. ಏನೋ ಅಂಗೈಗೆ ಬಿತ್ತು. ಅದನ್ನು ನೋಡಿ ತಟ್ಟೆಯ ಅಂಚಿಗೆ ಒರೆಸಿದಳು. ಲೋಟ ಎತ್ತಿ ಎರಡು ಗುಟುಕು ನೀರು ಕುಡಿದಳು. ಉಸಿರು ತಿರುಗಿದ ಮೇಲೆ ಸುತ್ತ ನಿಂತವರನ್ನು ನೋಡಿ, "ಅಜ್ಜಿ, ತಿನ್ನಾಗ ಯಾರೂ ಮಾತಾಡಬಾರ್ದು," ಅಂದಳು. ಮತ್ತೆ ಚಮಚ ಎತ್ತಿಕೊಂಡಳು.

ಹಾಲಮ್ಮ ಗೋಡೆಗೆ ಒರಗಿ ಕುಸಿದು ಕೂತಳು. ಕೊಟ್ರೇಶಪ್ಪ ತಾಯಿಯ ಪಕ್ಕ ಕೂತ. ಮಗಳು ತಟ್ಟೆ ಬರಿದು ಮಾಡುವವರೆಗೂ ಅವರಿಬ್ಬರೂ ಉಸಿರು ಬಿಡದೆ ನೋಡಿದರು.

ಇಷ್ಟಾದರೂ ಆ ಮನೆಗೂ ಶಾಲೆಗೂ ಸ್ನೇಹ ಬೆಳೆಯಲಿಲ್ಲ. ಕೊಟ್ರೇಶಪ್ಪ ಮಿಸ್‌ಗೆ ಎಂದೂ ನಮಸ್ಕಾರ ಮಾಡಲಿಲ್ಲ. ಚಪ್ಪಲಿಯನ್ನು ಮಾತ್ರ ಹೊರಗೆ ಬಿಡತೊಡಗಿದನಂತೆ. ಪೂರ್ವಿ ದೊಡ್ಡ ಶಾಲೆಗೆ ಹೋಗುವ ವರ್ಷ ಹಾಲಮ್ಮ ನನ್ನನ್ನು ಹಿಂದಿರುಗಿಸಲು ಆಟೋದಲ್ಲಿ ತಂದಳು. ನಿಮ್ಮ ಮಾತಿನ ಧಾಟಿ ನನಗೆ ಇವತ್ತಿಗೂ ಹಿಡಿಸಲ್ಲ ಎಂದು ಅಂಗಳದಲ್ಲೇ ಹೇಳಿದಳು. ನಿಮ್ಮದೂ ನನಗೆ ಹಿಡಿಸಲ್ಲ ಅಂದಳು ಮಿಸ್. ಇಬ್ಬರೂ ಒಟ್ಟಿಗೆ ನನ್ನನ್ನು ಹಿಡಿದು ಮೆಟ್ಟಿಲು ಹತ್ತಿಸಿದರು.

ಈಗ ನಾನು ಮುದಿ. ಕುಂಟು ಕುರ್ಚಿಯನ್ನು ಮಕ್ಕಳಿಗೆ ಕೊಡುವುದಿಲ್ಲ. ಶಾಲೆಯ ಜಗಲಿಯ ಮೂಲೆಯಲ್ಲಿ ಇಟ್ಟಿದ್ದಾರೆ. ಪ್ರತಿ ಜೂನ್‌ನಲ್ಲೂ ಜಗಳ ಮಾಡಲು ಬರುವ ತಂದೆ ತಾಯಿಗಳನ್ನು ನಾನೇ ಮೊದಲು ನೋಡುತ್ತೇನೆ. ಅವರನ್ನು ಕಂಡರೆ ನನಗೆ ಭಯವಿಲ್ಲ. ಜಗಳಕ್ಕಾದರೂ ಬಂದರಲ್ಲ ಎನ್ನಿಸುತ್ತದೆ. ನನಗೆ ಆಗದವರು ಬೇರೆ. ಮಗುವನ್ನು ಗೇಟಿನಲ್ಲಿ ಇಳಿಸಿ, ಇನ್ನು ನಿಮ್ಮ ಪಾಡು ಎಂದು ಗಾಡಿ ತಿರುಗಿಸುವವರು. ಅವರ ಮುಖಗಳನ್ನು ನಾನು ಮರೆಯುವುದಿಲ್ಲ.

ಈ ಬೆಳಿಗ್ಗೆ ಒಬ್ಬ ಬಂದ. ಎತ್ತರದ ಆಳು, ದೊಡ್ಡ ದನಿ. ಮಗ ಶಾಲೆಯಲ್ಲಿ ಒಂದು ಮಾತೂ ಆಡುತ್ತಿಲ್ಲ, ನೀವು ಇಲ್ಲಿ ಏನು ಕಲಿಸುತ್ತಿದ್ದೀರಿ ಎಂದು ಜಗಲಿಯಿಂದಲೇ ಶುರುಮಾಡಿದ. ಪ್ರಫುಲ್ಲಾ ಮಿಸ್ ಹೊರಗೆ ಬಂದಳು. ತಲೆ ನರೆತಿದೆ, ಮುಖದ ಬಿಗಿ ಹಾಗೇ ಇದೆ. ಅವನ ಕೂಗು ಮುಗಿಯುವವರೆಗೆ ಕಾದಳು.

"ಕೂತ್ಕೊಳ್ಳಿ," ಅಂದಳು. "ಮನೇಲಿ ಏನಾಯ್ತು, ಅದನ್ನ ಮೊದಲು ಹೇಳಿ. ನನಗೆ ಗೊತ್ತಿಲ್ಲ."

ಅವನು ಸುತ್ತ ನೋಡಿದ. ಜಗಲಿಯಲ್ಲಿ ನನ್ನನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಸಿಡುಕುತ್ತಲೇ ನನ್ನ ಮೇಲೆ ಕೂತ. ಮೊಣಕಾಲು ಎದೆಗೆ ಬಂತು, ತಲೆ ಅವನ ಮಗನ ಎತ್ತರಕ್ಕೆ ಇಳಿಯಿತು. ಬಾಗಿಲ ಬದಿಯಲ್ಲಿ ನಿಂತಿದ್ದ ಮಗುವಿನ ಕಣ್ಣು ಅವನ ಕಣ್ಣಿಗೆ ನೇರ ಸಿಕ್ಕಿತು. ನನ್ನ ನಾಲ್ಕು ಕಾಲೂ ಮುಲುಗಿದವು. ನಾನು ಹಲ್ಲು ಕಚ್ಚಿ ನಿಂತೆ.

ಅವನು ದನಿ ತಗ್ಗಿಸಿ, "ಇವನಮ್ಮ ತೀರಿಹೋಗಿ ಆರು ತಿಂಗಳಾತ್ರೀ," ಅಂದ.