ಪೈ ತಾಳೆ ನೋಡಿದ ಮಧ್ಯಾಹ್ನ

ಅಕ್ಕ ಭಾವ ನಿಜಕ್ಕೂ ಗಂಡಹೆಂಡಿರು ಹೌದೋ ಅಲ್ಲವೋ ಎಂದು ಆ ವರ್ಷವೆಲ್ಲ ನನಗೇ ಅನುಮಾನ. ಒಂದೇ ಮೇಜಿನಲ್ಲಿ ಊಟ, ಒಂದೇ ಗಾಡಿಯಲ್ಲಿ ಆಫೀಸು. ಕೆಲಸದ ವಿಷಯ ಬಂದರೆ ಮಾತ್ರ ಇಬ್ಬರೂ ಗಪ್‌ಚುಪ್! ಅಕ್ಕ ನಮ್ಮ ಸೂಪರ್ ಕಂಪ್ಯೂಟರಿನಲ್ಲಿ ಪೈ ಸಂಖ್ಯೆಯನ್ನು ಜಗತ್ತಿನಲ್ಲಿ ಯಾರೂ ಮುಟ್ಟದಷ್ಟು ಉದ್ದಕ್ಕೆ ಲೆಕ್ಕ ಹಾಕುತ್ತಿದ್ದಳು. ಭಾವ ಬೇರೊಂದು ಸೂತ್ರ ಹಿಡಿದು, ಬೇರೊಂದು ಯಂತ್ರದಲ್ಲಿ, ಅದರ ತುದಿಯ ಒಂದಷ್ಟು ಅಂಕಿಗಳನ್ನಷ್ಟೇ ತೆಗೆಯುತ್ತಿದ್ದರು. ಎರಡೂ ತಾಳೆಯಾದರೆ ದಾಖಲೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಬಾರದೆಂದು ಅಲ್ಲಿಯವರೆಗೆ ಇಬ್ಬರ ಬಾಯಿಗೂ ಬೀಗ. ಯಂತ್ರವನ್ನು ತಣ್ಣಗಿಡುವ ಎಂಜಿನಿಯರ್ ನಾನು. ಇವರಿಬ್ಬರ ನಡುವೆ ಸಿಕ್ಕಿ ಒದ್ದಾಡಿದವಳೂ ನಾನೇ.

ತಾಳೆ ನೋಡುವ ಮಧ್ಯಾಹ್ನ ಬಂತು. ಸಂಜೆಯಿಂದ ನಮ್ಮ ಯಂತ್ರ ಹವಾಮಾನ ಇಲಾಖೆಯವರ ಪಾಲು. ಈಗ ತಪ್ಪಿದರೆ ಅಕ್ಕನ ಅಷ್ಟೂ ದುಡಿಮೆ ಮಣ್ಣುಪಾಲು, ಇನ್ನೊಂದು ಅವಕಾಶದ ಮಾತೇ ಇಲ್ಲ.

ಇಬ್ಬರೂ ತುದಿಯ ಅಂಕಿಗಳನ್ನು ಬರೆದ ತಮ್ಮ ತಮ್ಮ ಕಾಗದ ಎದೆಗವುಚಿಕೊಂಡು ಎದುರುಬದುರು ಕೂತರು. ಫ್ಯಾನುಗಳ ಗದ್ದಲಕ್ಕೆ ಕಿರುಚಿಯೇ ಮಾತಾಡಬೇಕು.

“ಎಂಟು!” ಎಂದಳು ಅಕ್ಕ.

ಭಾವನ ಮುಖ ಬಿಳಿಚಿಕೊಂಡಿತು. “ನಂದು ಎರಡು ಕಣೇ.”

ಅಕ್ಕನ ಕಣ್ಣು ತುಂಬಿಬಂತು. “ನಾನೇ ಎಲ್ಲೋ ಎಡವಿದೀನಿ.”

“ನೀನಲ್ಲ, ನಾನು!”

“ನಿಮ್ದಲ್ಲ ರೀ ತಪ್ಪು, ನಂದು!”

ತಪ್ಪಿಗೂ ಇಬ್ಬರ ಪೈಪೋಟಿ! ನನಗೆ ಪಿತ್ತ ನೆತ್ತಿಗೇರಿತು. “ಅಯ್ಯೋ ನಿಮ್ಮ! ಮೊದಲನೇ ಅಂಕಿಗೇ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಹೇಗೆ? ಮಿಕ್ಕಿದ್ದನ್ನೂ ಓದಿ ಸಾಯಿ ಅಕ್ಕ!”

ಅಕ್ಕ ಮೂಗೊರೆಸಿಕೊಂಡು ಓದಿದಳು. “ಎರಡು. ಒಂಬತ್ತು. ಸೊನ್ನೆ. ಒಂಬತ್ತು…”

“ನಿಲ್ಸು!” ಭಾವ ಎದ್ದ ರಭಸಕ್ಕೆ ಕುರ್ಚಿ ಉರುಳಿತು. “ಇವೆಲ್ಲಾ ನನ್ನ ಹತ್ರಾನೂ ಇವೆ! ಒಂದೊಂದು ಜಾಗ ಸರಿದು ಕೂತಿವೆ, ಅಷ್ಟೇ. ನೀನು ಎಲ್ಲಿಂದ ಎಣಿಸಿದ್ದು?”

“ಎಲ್ಲಿಂದ ಅಂದ್ರೆ? ಮೂರರಿಂದ!”

“ಮೂರನ್ನ ಯಾರಾದ್ರೂ ಎಣಿಸ್ತಾರೇನೇ? ಬಿಂದು ಆದ್ಮೇಲಲ್ವಾ ಎಣಿಕೆ ಶುರು!”

“ಮೂರನ್ನ ಬಿಟ್ರೆ ಪೈಗೆ ಏನ್ರೀ ಮರ್ಯಾದೆ!”

ಪೈ ಎಂದರೆ ಮೊದಲು ಒಂದು ಮೂರು, ಆಮೇಲೆ ಬಿಂದು, ಆಮೇಲೆ ಮುಗಿಯದ ಅಂಕಿಗಳ ಸಾಲು. ಶಾಲೆ ಮಕ್ಕಳಿಗೂ ಗೊತ್ತಿರುವ ಆ ಮೂರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಈ ಮಹಾ ಬುದ್ಧಿವಂತರು ಮಾತಾಡಿಕೊಂಡೇ ಇರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡವರು ಹೇಗೆ ಮಾತಾಡಿಯಾರು?

ಒಂದು ಜಾಗ ಬಿಟ್ಟು ಮತ್ತೆ ಓದಿದರು. ಒಂದೊಂದು ಅಂಕಿಗೂ ಮೂವರೂ “ಹೌದು!” ಎಂದು ಅರಚಿದೆವು. ಎಲ್ಲವೂ ತಾಳೆಯಾದವು. ಅಕ್ಕ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದಳು, ಭಾವ ಸುಮ್ಮನೆ ಬಿದ್ದು ಬಿದ್ದು ನಕ್ಕರು. ನನಗೋ ಖುಷಿಗೆ ಅಳು.

ಆಗ ಭಾವ ತಮ್ಮ ಕಾಗದ ನೋಡಿಕೊಂಡರು. “ಅಲ್ಲಾ, ಮೂರನ್ನೂ ಎಣಿಸಿದ್ದಕ್ಕೆ ನಿನ್ನ ಸಾಲು ಒಂದು ಜಾಗ ಮೊದಲೇ ಮುಗೀತು. ನನ್ನ ಕೊನೇಲಿ ಇನ್ನೂ ಒಂದು ಅಂಕಿ ಉಳಿದಿದೆ.”

ಅಕ್ಕನ ನಗು ಗಕ್ಕನೆ ನಿಂತಿತು. “ಏನು? ನನಗೆ ಗೊತ್ತಿಲ್ದೆ ಇರೋದಾ? ಏನದು, ಹೇಳಿ!”

“ಹೇಳಲ್ಲ.”

“ರೀ!”

ಭಾವ ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದರು. ಲಕ್ಷಕೋಟಿಗಟ್ಟಲೆ ಅಂಕಿಗಳ ಒಡತಿ ನಮ್ಮಕ್ಕ, ಆ ಒಂದೇ ಒಂದಕ್ಕಾಗಿ ಕುರ್ಚಿ ಹತ್ತಿದಳು.