ಫ್ರೀಜರಿನಲ್ಲಿ ಉಳಿದ ಕೊನೆಯ ಬೆಳೆ

ನನ್ನ ಅಣ್ಣ ಅರ್ಮಿಂದು ತನ್ನ ಕೊನೆಯ ಬೆಳೆಯನ್ನು ಒಣ ಗದ್ದೆಯಲ್ಲೇ ಎತ್ತಿದ. ನಮ್ಮ ಊರು ವೇರಮ್ ಸುತ್ತಮುತ್ತ ಈಗ ಹೆಚ್ಚಿನವರು ಗದ್ದೆಗೆ ನೀರು ನಿಲ್ಲಿಸಿ, ತೇಲಿಬಂದ ಹುಳಿಹುಳಿ ಕೆಂಪು ಕ್ರ್ಯಾನ್‌ಬೆರಿಯನ್ನು ಬಳಿದು ರಸದ ಕಾರ್ಖಾನೆಗೆ ಸಾಗಿಸುತ್ತಾರೆ. ಹಾಗೆ ನೀರಲ್ಲಿ ಮುಳುಗೆದ್ದ ಹಣ್ಣು ಮನೆಯಲ್ಲಿ ಬಾಳುವುದಿಲ್ಲ. ಇಟ್ಟುಕೊಳ್ಳುವ ಹಣ್ಣು ಬೇಕೆಂದರೆ ಇಬ್ಬನಿ ಆರಿದ ಮೇಲೆ ಬಳ್ಳಿಯಿಂದಲೇ ಬಾಚಿ ತೆಗೆಯಬೇಕು. ಅಣ್ಣ ಎದೆನೋವು ಇಟ್ಟುಕೊಂಡೇ ಹಣ್ಣು ಬಾಚುವ ಯಂತ್ರದ ಹಿಂದೆ ನಡೆದ.

ಗದ್ದೆ ಮಾರುವ ಮಾತು ಅಷ್ಟರಲ್ಲಿ ಮುಗಿದಿತ್ತು. ಕೊಂಡದ್ದು ಪರಿಸರ ಕಾಯುವ ಸಂಸ್ಥೆ, ಅವರಿಗೆ ಬೆಳೆ ಬೇಕಿರಲಿಲ್ಲ. ವಸಂತದಲ್ಲಿ ಏರಿ ಒಡೆದು, ಹೊಳೆಯನ್ನು ಅದರ ಪಾಡಿಗೆ ಹರಿಯಬಿಟ್ಟು, ಗದ್ದೆಯನ್ನು ಮತ್ತೆ ಜೌಗು ಮಾಡುತ್ತೇವೆ ಎಂದಿದ್ದರು. ಸಾಗರದಾಚೆಯ ಫೋಗು ದ್ವೀಪದಿಂದ ಹಡಗು ಹತ್ತಿ ಬಂದ ನಮ್ಮಜ್ಜ ಕಂಡವರ ಗದ್ದೆಗಳಲ್ಲಿ ಮಂಡಿಯೂರಿ ಹಣ್ಣು ಬಾಚಿ, ಕೊನೆಗೆ ತನ್ನದೆಂದು ಮಾಡಿಕೊಂಡ ನೆಲ ಅದು. ಅಣ್ಣನಿಗೆ ಮಕ್ಕಳಿರಲಿಲ್ಲ. ನನ್ನ ಮಕ್ಕಳಿಗೆ ಅದು ಬೇಕಿರಲಿಲ್ಲ.

ಆ ಅಕ್ಟೋಬರಿನಲ್ಲೂ ನಾನೂ ಅತ್ತಿಗೆ ಬೆನ್ವಿಂದಾಳೂ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಹಣ್ಣು ಆರಿಸಿದೆವು. ಬೆರಳಿಗೆ ಮೆತ್ತಗೆ ಹತ್ತಿದ್ದು, ಚುಕ್ಕೆ ಬಿದ್ದದ್ದು ಬಕೆಟ್ಟಿಗೆ, ಗಟ್ಟಿಯಾದದ್ದು ತಟ್ಟೆಗೆ. ನಾನು ತೊಳೆಯಲು ಎದ್ದರೆ ಪ್ರತಿವರ್ಷದಂತೆ ಅತ್ತಿಗೆಯ ಬೈಗುಳ.

"ಒದ್ದೆ ಮಾಡ್ಬೇಡ್ವೇ ಜುಲ್ಮೀರಾ! ಅಂಟ್ಕೊಂಡು ಮುದ್ದೆ ಆಗತ್ತೆ. ಒಂದು ಹಿಡಿ ಬೇಕು ಅಂದ್ರೆ ಸುತ್ತಿಗೆ ತರ್ಬೇಕು ಆಮೇಲೆ."

"ಮಣ್ಣು ತಿನ್ನಿಸ್ತೀಯಾ ಎಲ್ರಿಗೂ?"

"ಒಲೆಗೆ ಹಾಕೋವಾಗ ತೊಳಿ, ಯಾರು ಬೇಡ ಅಂದ್ರು?"

ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಹಾಗೇ ಫ್ರೀಜರಿನಲ್ಲಿಟ್ಟು, ಗೋಲಿಯಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ಸುರಿದು, ಗಾಳಿ ಹಿಂಡಿ ಕಟ್ಟುವುದು ಅತ್ತಿಗೆಯ ಕ್ರಮ. ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯಷ್ಟು ಉದ್ದದ ಅವರ ಫ್ರೀಜರ್ ಹೀಗೆ ತುಂಬಿದರೆ ಮುಂದಿನ ಬೆಳೆಯವರೆಗೆ ನಮ್ಮಿಬ್ಬರ ಮನೆಗೂ ಸಾಕು. ಹಿಟ್ಟಿಗೆ ಹಾಕುವಾಗ ಕರಗಿಸುವುದೂ ಬೇಡ. ಕರಗಿದರೆ ಬ್ರೆಡ್ಡೆಲ್ಲ ನೇರಳೆಯಾಗುತ್ತದೆ.

ನವೆಂಬರಿನಲ್ಲಿ ಅಣ್ಣ ತೀರಿಕೊಂಡ. ಕೊಟ್ಟಿಗೆಯಲ್ಲಿ ಯಂತ್ರಕ್ಕೆ ಎಣ್ಣೆ ಹಾಕುತ್ತ ಕೂತವನು ಹಾಗೇ ಒರಗಿಬಿಟ್ಟಿದ್ದ. ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ಅತ್ತದ್ದು ಕಡಿಮೆ, ಮನೆ ಗುಡಿಸಿದ್ದು ಹೆಚ್ಚು.

ಕ್ರಿಸ್ಮಸ್ಸಿನ ಹಿಂದಿನ ದಿನ ಅಲ್ಲಿಗೆ ಹೋದಾಗ ಅಡುಗೆಕಟ್ಟೆಯ ಮೇಲೆ ಅಂಗಡಿಯ ಕ್ರ್ಯಾನ್‌ಬೆರಿ ಪೊಟ್ಟಣ ಕಂಡಿತು. ನನಗೆ ಕಣ್ಣನ್ನು ನಂಬಲಾಗಲಿಲ್ಲ.

"ಏನಿದು ಅತ್ತಿಗೆ? ಕೆಳಗೆ ಅಷ್ಟೊಂದು ತುಂಬಿಟ್ಟು ಅಂಗಡೀದು ತಂದಿದೀಯಾ? ಊರವರು ಕೇಳಿದ್ರೆ ನಗ್ತಾರೆ."

"ನಗ್ಲಿ."

"ನಾನು ತರ್ತೀನಿ ಇರು ಕೆಳಗಿಂದ."

"ಮುಟ್ಬೇಡ!" ಅವಳು ಅಷ್ಟು ಜೋರಾಗಿ ಹೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆಮೇಲೆ ದನಿ ಇಳಿಸಿ ಅಂದಳು, "ಅದು ಮುಗಿದ್ರೆ ಮುಗೀತು ಕಣೆ. ಆ ಗದ್ದೇದು ಇನ್ನೊಂದು ಹಣ್ಣು ಬರಲ್ಲ. ಅವನ ಕೈಯಾರೆ ಬೆಳೆದಿದ್ದು ಇನ್ನು ಬರಲ್ಲ."

ಆಮೇಲೆ ನೆಲಮಾಳಿಗೆಗೆ ಇಳಿದು ನೋಡಿದೆ. ಫ್ರೀಜರಿನ ಮೇಲೆ ಹಳೆಯ ರಜಾಯಿಗಳನ್ನೂ ಅರ್ಮಿಂದುನ ಬೂಟುಗಳನ್ನೂ ಪೇರಿಸಿಟ್ಟಿದ್ದಳು. ತೆರೆಯಬೇಕೆಂದರೂ ಅರ್ಧ ದಿನ ಬೇಕಾಗುವ ಹಾಗೆ.

ಜನವರಿ ಕೊನೆಯಲ್ಲಿ ಸಮುದ್ರದ ಕಡೆಯಿಂದ ಬಿರುಗಾಳಿ ಎದ್ದಿತು. ಮೊದಲು ನೀರುನೀರಾದ ಭಾರದ ಹಿಮ ಸುರಿದು ಪೈನ್ ಮರದ ಕೊಂಬೆಗಳು ತಂತಿಯ ಮೇಲೆ ಬಿದ್ದವು. ಇಡೀ ಊರಿನ ಕರೆಂಟು ಹೋಯಿತು. ನನ್ನ ಮನೆಯಲ್ಲಿ ಒಲೆಯಿಂದ ಹೀಟರಿನವರೆಗೆ ಎಲ್ಲವೂ ಕರೆಂಟಿನದೇ. ಹಾಗಾಗಿ ಚೀಲ ಕಟ್ಟಿಕೊಂಡು ಅತ್ತಿಗೆಯ ಮನೆಗೆ ಹೋದೆ. ಅಲ್ಲಿ ಸೌದೆಯ ಒಲೆಯೂ ಇತ್ತು, ಗ್ಯಾಸೂ ಇತ್ತು.

"ಮುಚ್ಚಳ ತೆಗೀದೇ ಇದ್ರೆ ಎರಡು ದಿನ ಏನೂ ಆಗಲ್ಲ," ಅಂದಳು ಅತ್ತಿಗೆ. ರಜಾಯಿಗಳ ಮೇಲೆ ಇನ್ನೆರಡು ರಜಾಯಿ ಹೊದಿಸಿದಳು.

ಎರಡು ದಿನ ಕಳೆದರೂ ಕರೆಂಟು ಬರಲಿಲ್ಲ. ಅದರ ಮೇಲೆ ಗಾಳಿ ತಿರುಗಿ ಬೆಚ್ಚನೆಯ ಮಳೆ ಹಿಡಿಯಿತು. ಹಿಮವೆಲ್ಲ ಕರಗಿ ನೆಲಮಾಳಿಗೆಗೆ ಜಿನುಗತೊಡಗಿತು. ಮಧ್ಯಾಹ್ನ ಇಬ್ಬರೂ ಟಾರ್ಚು ಹಿಡಿದು ಕೆಳಗಿಳಿದೆವು. ಬೂಟು, ರಜಾಯಿ ಎಲ್ಲ ತೆಗೆದು ಮುಚ್ಚಳ ಎತ್ತಿದರೆ ಮೇಲಿನ ಚೀಲಗಳು ಕೈಗೆ ಮೆತ್ತಗೆ ಹತ್ತಿದವು. ಅಡಿಯಲ್ಲಿ ಕೆಂಪು ನೀರು ನಿಂತಿತ್ತು.

"ಹೊರಗೆ ಹಿಮದಲ್ಲಿ ಹೂಳೋಣ," ಎಂದೆ.

"ಎಲ್ಲಿದೆ ಹಿಮ? ಅಂಗಳ ನೋಡು, ಕೆರೆ ಆಗಿದೆ."

"ಕರೆಂಟು ಬಂದ್ರೆ ಮತ್ತೆ ಗಟ್ಟಿ ಆಗತ್ತಲ್ಲ."

"ಗಟ್ಟಿ ಆಗತ್ತೆ. ಹಣ್ಣಾಗಿ ಇರಲ್ಲ, ಇಟ್ಟಿಗೆ ಆಗಿರತ್ತೆ."

ಒಂದು ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ರಸ ಏಪ್ರನ್ನಿಗೆ ಇಳಿಯುತ್ತಿತ್ತು. ನಾನು ಟಾರ್ಚು ಹಿಡಿದು ನಿಂತೆ.  ಕೊನೆಗೆ ಮೂಗು ಒರೆಸಿಕೊಂಡು ಎದ್ದಳು.

"ಕಾಚೂಪ ಮಾಡೋ ದೊಡ್ಡ ಪಾತ್ರೆ ಅಟ್ಟದಿಂದ ಇಳಿಸು. ಆಮೇಲೆ ರಸ್ತೇಲಿ ಯಾರ್ಯಾರ ಮನೇಲಿ ಒಲೆ ಇಲ್ವೋ ಎಲ್ರನ್ನೂ ಕರ್ಕೊಂಡು ಬಾ. ಟೋಯ್ವೋನ್ನೂ ಕರಿ."

"ಟೋಯ್ವೋನಾ?"

"ಅವನಿಗೂ ಹೊಟ್ಟೆ ಇದೆ."

ಟೋಯ್ವೋ ಕೆಳಗಿನ ಗದ್ದೆಯ ಮುದುಕ, ಫಿನ್ಲೆಂಡಿನವರ ಪೈಕಿ. ಅವನ ಗದ್ದೆಗೆ ನೀರು ನಮ್ಮ ಕೊಳದ ತೂಬಿನಿಂದಲೇ ಹೋಗಬೇಕು. ಆ ನೀರಿಗಾಗಿ ಅವನಿಗೂ ಅಣ್ಣನಿಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಅಣ್ಣನ ಮಣ್ಣಿಗೆ ಬಂದವನು ಸ್ಮಶಾನದ ಗೇಟಿನ ಹೊರಗೇ ಟೋಪಿ ತೆಗೆದು ನಿಂತಿದ್ದು ಹೋಗಿದ್ದ. ಈಗ ಕರೆದಾಗ ಏನೂ ಕೇಳದೆ ಕಾಫಿಪುಡಿಯ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಬಂದ.

ಸಂಜೆಗೆ ಅಡುಗೆಮನೆ ಜಾತ್ರೆಯಾಯಿತು. ಜೋಳ, ಕಾಳು, ಮಾಂಸದ ಕಾಚೂಪ ಬೇಯುತ್ತಿದ್ದ ದೊಡ್ಡ ಪಾತ್ರೆಯಲ್ಲಿ ಈಗ ಹಣ್ಣು ಸಕ್ಕರೆಯೊಂದಿಗೆ ಕುದಿಯುತ್ತಿತ್ತು. ಇನ್ನೊಂದರಲ್ಲಿ ಹಂದಿಮಾಂಸ, ಈರುಳ್ಳಿಗೆ ಹುಳಿಯಾಗಿ ಅದೇ ಹಣ್ಣು. ಮೆಕ್ಕೆಜೋಳದ ಹಿಟ್ಟಿಗೂ ಅದನ್ನೇ ಬೆರೆಸಿ ಮಣ್ಣಿನ ಪಾತ್ರೆಯಲ್ಲಿ ಹಬೆಗೆ ಇಟ್ಟೆವು. ಕರಗಿದ ಹಣ್ಣಾದ್ದರಿಂದ ಹಿಟ್ಟೆಲ್ಲ ನೇರಳೆಯಾಯಿತು. ಯಾರೂ ಅದನ್ನು ಎತ್ತಿ ಆಡಲಿಲ್ಲ. ಪಕ್ಕದ ಮನೆಯವರು ಮೇಣದಬತ್ತಿ, ಖಾಲಿ ಸೀಸೆ ತಂದರು. ಅತ್ತಿಗೆ ಸೌಟು ಬಿಡದೆ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು.

ಟೋಯ್ವೋ ಒಂದು ಚಮಚ ಬಾಯಿಗಿಟ್ಟು ತಲೆ ಆಡಿಸಿದ. "ಅರ್ಮಿಂದುನ ಹಣ್ಣು ಯಾವಾಗ್ಲೂ ಚಿಕ್ಕದೇ."

"ಚಿಕ್ಕದಾದ್ರೂ ಗಟ್ಟಿ," ಅಂದಳು ಅತ್ತಿಗೆ. "ನಿನ್ನದು ಬಲೂನು. ಹೊರಗೆ ದಪ್ಪ, ಒಳಗೆ ಗಾಳಿ."

ಎಲ್ಲರೂ ನಕ್ಕರು. ಟೋಯ್ವೋ ಕೂಡ ಮೀಸೆಯಡಿಯಲ್ಲಿ ನಕ್ಕ. ಆಮೇಲೆ ಅಂದ: "ಒಂದು ಮಾತು ಅವನಿಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಒಂದು ಹನಿ ಮಳೆ ಇಲ್ಲ, ನನ್ನ ಬಳ್ಳಿ ಎಲ್ಲಾ ಕಂದು ತಿರುಗಿತ್ತು, ನೆನಪಿದ್ಯಾ? ಒಂದು ಮಧ್ಯಾಹ್ನ ನೋಡ್ತೀನಿ, ಕಾಲುವೇಲಿ ನೀರು ಬರ್ತಿದೆ! ತೂಬಿನ ಹಲಗೆ ಎತ್ತಿದ್ದ ಅವನು. ಮಾತಿಲ್ಲ ಕತೆ ಇಲ್ಲ. ನಾನೂ ಹಟ ಹಿಡ್ಕೊಂಡು ಸುಮ್ನಿದ್ದೆ."

ಅತ್ತಿಗೆ ತಿರುವುತ್ತಲೇ ಇದ್ದಳು. "ಅವನಲ್ಲ," ಅಂದಳು.

"ಏನು?"

"ಹಲಗೆ ಎತ್ತಿದ್ದು ಅವನಲ್ಲ. ನಾನು."

ಟೋಯ್ವೋ ಚಮಚ ಕೆಳಗಿಟ್ಟ.

"ಅವನು ಪಂಪಿಗೆ ಬೆಲ್ಟ್ ತರೋಕೆ ಪೇಟೆಗೆ ಹೋಗಿದ್ದ. ನಿನ್ನ ಹೆಂಡ್ತಿ ಏರಿ ಮೇಲೆ ಬಂದು ನಿಂತಿದ್ಲು. ಕೊಡಿ ಅಂತ ಬಾಯಿ ಬಿಡ್ಲಿಲ್ಲ, ಸುಮ್ನೆ ನಿಂತಿದ್ಲು. ನನಗೆ ನೋಡಕ್ಕಾಗ್ಲಿಲ್ಲ. ಹಲಗೆ ಕಿತ್ತು ನೀರಿಗೆ ಎಸೆದೆ. ಅರ್ಮಿಂದು ಬಂದ್ಮೇಲೆ ಹಲಗೆ ಕೊಳೆತು ಮುರೀತು ಅಂದೆ."

"ನಂಬಿದ್ನಾ ಅಣ್ಣ?" ನಾನು ಕೇಳಿದೆ. ನನಗೂ ಇದು ಹೊಸ ಸುದ್ದಿ.

"ಟೋಯ್ವೋನ ವಂಶಕ್ಕೆಲ್ಲ ಬೈಕೊಂಡು ಹೊಸ ಹಲಗೆ ಕೊಯ್ದ." ಅತ್ತಿಗೆ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಹಾಕಿ ನೋಡಿದ್ರೆ ಒಂದು ಗೇಣು ಗಿಡ್ಡ! ಮೇಲಿಂದ ನೀರು ಹರೀತಾನೇ ಇತ್ತು. ಯಾಕೋ ಅಂದ್ರೆ, ಅಳತೆ ತಪ್ಪೋಯ್ತು ಅಂದ. ಜೀವಮಾನದಲ್ಲಿ ಅವನ ಅಳತೆ ತಪ್ಪಿದ್ದು ನಾನು ಕಂಡಿಲ್ಲ."

ನಗಲು ಬಾಯಿ ತೆರೆದವಳು ಅಳತೊಡಗಿದಳು. ಸೌಟನ್ನು ನಾನು ತೆಗೆದುಕೊಂಡೆ. ಇಲ್ಲದಿದ್ದರೆ ತಳ ಹಿಡಿಯುತ್ತಿತ್ತು. ಟೋಯ್ವೋ ಎದ್ದು, ಏನು ಮಾಡಬೇಕೋ ತೋಚದೆ, ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟ. ಅದು ಟಾರಿನಂತೆ ಕಪ್ಪಾಗಿತ್ತು. ಒಂದು ಗುಟುಕು ಕುಡಿದು ಅವಳು ಮುಖ ಕಿವುಚಿದಳು. "ಇದನ್ನ ಕುಡಿದೇ ನೀನು ಇಷ್ಟು ವರ್ಷ ಬದುಕಿದೀಯಾ?"

ಮರುದಿನ ಬೆಳಿಗ್ಗೆ ಕರೆಂಟು ಬಂತು. ಅಷ್ಟರಲ್ಲಿ ಸೀಸೆಗಳೆಲ್ಲ ಒಂದೊಂದೇ ಮನೆ ಸೇರಿದ್ದವು. ಅತ್ತಿಗೆ ಫ್ರೀಜರನ್ನು ಸೋಡಾಪುಡಿ ಹಾಕಿ ತೊಳೆದು ಮುಚ್ಚಳ ತೆರೆದು ಒಣಗಲು ಬಿಟ್ಟಳು.

"ಒಂದು ಹಿಡಿಯಾದ್ರೂ ಇಟ್ಕೊಬೇಕಿತ್ತಲ್ವಾ?" ಎಂದೆ.

"ಇಟ್ಕೊಂಡು? ಮೇಣದಬತ್ತಿ ಹಚ್ಚಲಾ ಅದರ ಮುಂದೆ?" ಅಂದಳು. ಆಮೇಲೆ ಅಣ್ಣನ ಬೂಟುಗಳನ್ನು ಮೇಲೆ ತಂದು, ಒರೆಸಿ, ಅಳತೆ ಸರಿಹೋಗುವ ಯಾರಿಗಾದರೂ ಕೊಡು ಎಂದು ನನ್ನ ಕಾರಿನಲ್ಲಿಟ್ಟಳು.

ಏಪ್ರಿಲಿನಲ್ಲಿ ಗದ್ದೆಯ ಏರಿ ಒಡೆಯುವ ಯಂತ್ರಗಳು ಬಂದವು. ನೋಡಲು ಬರುವುದಿಲ್ಲ ಎಂದಿದ್ದ ಅತ್ತಿಗೆ ನನಗಿಂತ ಮೊದಲೇ ಹೋಗಿ ನಿಂತಿದ್ದಳು. ಪಕ್ಕದಲ್ಲಿ ಟೋಯ್ವೋ. ಏರಿ ಒಡೆದರೆ ಹೊಳೆ ಯಾವ ಕಡೆ ತಿರುಗುತ್ತದೆ ಎಂದು ಇಬ್ಬರಿಗೂ ವಾದ ಹತ್ತಿತ್ತು. ಯಂತ್ರದ ಕೈ ಬಳ್ಳಿಯನ್ನು ಬುಡಸಮೇತ ಎತ್ತಿದಾಗ ಅತ್ತಿಗೆ ನನ್ನ ಮುಂಗೈ ಹಿಡಿದುಕೊಂಡಳು. ಬಹಳ ಗಟ್ಟಿಯಾಗಿ ಹಿಡಿದಳು. ಆಮೇಲೆ ಬಿಟ್ಟು, ಎರಡೂ ಕೈ ಎತ್ತಿ, ಚಾಲಕನಿಗೆ ಕೇಳಲೆಂದು ಕೂಗಿದಳು.

"ಏಯ್, ಎಡಗಡೆ ಅಗೀಬೇಡಪ್ಪಾ! ಅಲ್ಲಿ ಕಬ್ಬಿಣದ ಪೈಪಿದೆ!"

ಅವನಿಗೆ ಕೇಳಿಸಲಿಲ್ಲ. ಅವಳು ಸ್ಕರ್ಟು ಎತ್ತಿ ಹಿಡಿದು ಕೆಸರಿಗಿಳಿದು, ತೋರಿಸಲು ತಾನೇ ಹೊರಟಳು.