ಮೂರೂ ಗೆರೆ ತುಂಬಿದ್ದವು

ಅಳವಂಡಿ ಕಡೆಯ ಆ ಊರಿನ ಪಂಚಾಯ್ತಿ ಗ್ರಂಥಾಲಯಕ್ಕೆ ವೈಫೈ ಬಂದ ಮೇಲೆ ಅದರ ಮೇಲ್ವಿಚಾರಕ ಮರಿಸ್ವಾಮಿಯನ್ನು ಹಿಡಿಯುವವರೇ ಇರಲಿಲ್ಲ. ಕೊಪ್ಪಳದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದನಲ್ಲ. ಮುಗಿಸಿ ಅನ್ನುವುದು ಅವನ ಮಾತು. ಎರಡನೆಯ ದಿನ ಮಧ್ಯಾಹ್ನ ಗೋಧಿ ಹುಗ್ಗಿ ಉಂಡವನೇ, ಎರಡೂವರೆಯ ಬಸ್ಸು ತಪ್ಪಿದರೆ ಸಂಜೆಯವರೆಗೆ ಕೂರಬೇಕೆಂದು ಮೆಲ್ಲಗೆ ಜಾರಿಕೊಂಡಿದ್ದ.

ಕಲಿತಷ್ಟನ್ನು ಮಾತ್ರ ಚೆನ್ನಾಗಿಯೇ ಕಲಿತಿದ್ದ. ಪೇಪರ್ ಓದಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದ. "ಈ ಡಬ್ಬಿಗೆ ರೂಟರ್ ಅಂತಾರ. ರೇಡಿಯೋದಂಗ ಗಾಳ್ಯಾಗ ಮಾತಾಡ್ತತಿ. ಅದರ ಮಾತು ಎಲ್ಲಿತನಕ ಮುಟ್ಟತತಿ, ಅಲ್ಲಿತನಕ ರೇಂಜ್. ನಡುವ ಗ್ವಾಡಿ ಬಂದ್ರ ಕಡಿಮಿ ಆಕ್ಕತಿ. ಪಾಸ್‌ವರ್ಡ್ ಅಂದ್ರ ಕೀಲಿ ಇದ್ದಂಗ. ಫೋನಿನ್ಯಾಗ ಮೂರೂ ಗೆರಿ ತುಂಬಿದ್ರ ಸಿಗ್ನಲ್ ಭರ್ತಿ." ಇದರಲ್ಲಿ ಒಂದೂ ಸುಳ್ಳಲ್ಲ. ಈ ಕಥೆಯಲ್ಲಿ ಕೆಟ್ಟ ಸಂಗತಿ ಅದೇ.

ಮಂಗಳವಾರ ಅನುಸೂಯಾ ಬಂದಳು. ಹತ್ತಿ ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೂಲಿ ಮಾಡಿ ಎರಡು ಮಕ್ಕಳನ್ನು ಸಾಕುತ್ತಿದ್ದವಳು. ಪಿಯುಸಿ ಪಾಸಾಗಿತ್ತು. ಊರಿನ ಅಂಗನವಾಡಿ ಟೀಚರು ನಿವೃತ್ತರಾಗಿ ಆ ಜಾಗ ಖಾಲಿ ಬಿದ್ದಿತ್ತು. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕು, ಗುರುವಾರ ಸಂಜೆ ಐದಕ್ಕೆ ಕೊನೆ. ವಯಸ್ಸಿನ ಮಿತಿ ಮೂವತ್ತೈದು, ಅನುಸೂಯಾಗೆ ಅದು ತುಂಬಲು ಇನ್ನು ಹದಿನೆಂಟೇ ದಿನ. ಈ ಸಲ ತಪ್ಪಿದರೆ ಅವಳ ಪಾಲಿಗೆ ಮುಂದಿನ ಸಲ ಅನ್ನುವುದೇ ಇರಲಿಲ್ಲ.

ಊರಿನಲ್ಲಿ ಟವರಿನ ಸಿಗ್ನಲ್ ಮಾತಿಗೆ ಸಾಕು, ಇಂಟರ್ನೆಟ್ಟಿಗೆ ಸಾಲದು. ಹಾಗಾಗಿ ಕೂಲಿ ಬಿಟ್ಟು ರೂಟರ್ ಕೆಳಗೆ ಬಂದು ಕೂತಳು. ಅರ್ಜಿಯ ಪುಟ ತೆರೆಯಲೇ ಇಲ್ಲ. ಚಕ್ರ ತಿರುಗಿದ್ದೇ ತಿರುಗಿದ್ದು. ಹೊಲದ ಕೆಲಸದ ಭರಾಟೆಯಲ್ಲಿ ಹರೆಯದವರೆಲ್ಲ ಬೆಳಗಾಗುವ ಮೊದಲೇ ಹೊಲ ಸೇರುತ್ತಿದ್ದರು, ಇಲ್ಲವಾದರೆ ಯಾರಾದರೂ ಫೋನು ನೋಡಿ ಕಾರಣ ಹೇಳುತ್ತಿದ್ದರು.

"ಅಣ್ಣಾರ, ಗೆರಿ ಬಾಜೂಕ ಇದೊಂದು ಗೀಟು, ತಳಗ ಚುಕ್ಕಿ. ಇದೇನ್ರಿ?"

ಮರಿಸ್ವಾಮಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತು ಗಂಟಲವರೆಗೆ ಬಂದೂ ಇತ್ತು. ಆದರೆ ಪೇಪರ್ ಓದುತ್ತಿದ್ದ ಇಬ್ಬರು ಹಿರಿಯರು ತಲೆ ಎತ್ತಿ ನೋಡಿದರು.

"ಸಿಗ್ನಲ್ ಜೋರ್ ಐತಿ ಅಂತ ತಂಗಿ," ಎಂದ. "ಅರ್ಜಿ ಹಾಕೋರು ಭಾಳ ಮಂದಿ ಅದಾರ, ಅಲ್ಲಿ ಸರ್ವರ್ ಬಿಜಿ ಐತಿ. ಒತ್ತಕೋಂತ ಇರು."

ಬುಧವಾರವೂ ಒತ್ತಿದಳು. ಮಧ್ಯಾಹ್ನ ಎದ್ದು ನಿಂತು ಕೇಳಿದಳು, "ಅಳವಂಡಿಗೆ ಹೋಗಿ ಕಂಪ್ಯೂಟರ್ ಅಂಗಡ್ಯಾಗ ಹಾಕಿಸಿಕೊಂಡು ಬರ್ಲೇನ್ರಿ?"

"ಅಲ್ಲಿ ಹೋಗಿ ಪಾಳಿ ಹಚ್ಚತಿಯೇನು? ಇಷ್ಟು ಸಿಗ್ನಲ್ ಅಳವಂಡ್ಯಾಗೂ ಇಲ್ಲ. ಕುಂದ್ರು."

ಅವಳು ಕೂತಳು. ಹೇಳಿದವನು ಕಲಿತವನು, ಅವಳು ನಂಬಿದಳು.

ಗುರುವಾರ, ಐದರೊಳಗೆ ಅಳವಂಡಿ ಮುಟ್ಟಿಸುವ ಕೊನೆಯ ಬಸ್ಸೂ ಹೋಯಿತು. ನಾಲ್ಕೂವರೆಗೆ ಮರಿಸ್ವಾಮಿಯೇ ಸ್ಟೂಲು ಹತ್ತಿ ಅವಳ ಫೋನನ್ನು ರೂಟರಿಗೆ ತಾಗಿಸಿ ಹಿಡಿದ. ಮೂರೂ ಗೆರೆ ತುಂಬಿದ್ದವು. ಐದು ಹೊಡೆಯಿತು. ಅನುಸೂಯಾ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಒಂದೊಂದಾಗಿ ಸೇರಿಸಿದಳು.

"ನಿಮ್ಮದೇನು ತಪ್ಪೈತ್ರಿ ಅಣ್ಣಾರ. ನನ್ನ ನಸೀಬ," ಎಂದು ಹೋದಳು.

ಶುಕ್ರವಾರ ಕೇಬಲ್ ರಿಪೇರಿಯ ನದೀಮ ಬಂದು ಗೋಡೆಯ ಮೇಲಿನ ಡಬ್ಬಿಯ ಹಿಂದೆ ಕೈಯಾಡಿಸಿದ.

"ಸೋಮವಾರ ರಾತ್ರಿನ ಜೆಸಿಬಿ ತಾಗಿ ಕೇಬಲ್ ಕಟ್ಟಾಗಿತ್ರಿ. ಯಾಕ ಫೋನ್ ಮಾಡ್ಲಿಲ್ಲ?"

"ಸಿಗ್ನಲ್ ಭರ್ತಿ ಇತ್ತಲ್ಲೋ."

"ಅದು ಈ ಡಬ್ಬಿಯಿಂದ ಫೋನ್‌ತನಕ ಅಷ್ಟ ರೀ. ವೈಫೈ ಅಂದ್ರ ಅಷ್ಟ. ಇಂಟರ್ನೆಟ್ ಬರೂದು ಹಿಂದಿನ ಈ ವಾಯರಿನ್ಯಾಗ. ಅದು ಹರಿದ್ರ ಗೆರಿ ತುಂಬಿದ್ರೂ ಏನೂ ಬರಂಗಿಲ್ಲ. ಗೆರಿ ಬಾಜೂಕ ಗೀಟು ಚುಕ್ಕಿ ತೋರಿಸಿರಬೇಕಲ್ಲ? ಇಂಟರ್ನೆಟ್ ಇಲ್ಲ ಅಂತನ ಅದು. ತರಬೇತ್ಯಾಗ ಎರಡನೇ ದಿನ ಮಧ್ಯಾಹ್ನ ಇದನ್ನ ಹೇಳಿದ್ರಲ್ರಿ, ವಾಯರ್ ಜೋಡಿಸಾಕ ಹೋದಾಂವ ನಾನೂ ಅಲ್ಲೇ ಇದ್ದೆ."

ಆ ಮಧ್ಯಾಹ್ನ ಮರಿಸ್ವಾಮಿ ಹುಗ್ಗಿ ಉಂಡು ಬಸ್ಸಿನಲ್ಲಿ ಕೂತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಸಂಜೆ ಅನುಸೂಯಾಳ ಮನೆಗೆ ಹೋದ.

ಹೊಲದಿಂದ ಆಗಷ್ಟೇ ಬಂದಿದ್ದಳು, ಬೆರಳ ತುದಿಗಳಲ್ಲಿ ಹಳದಿ ಪರಾಗ. ಅವನು ವಾಯರು, ಡಬ್ಬಿ, ಗೀಟು, ಚುಕ್ಕಿ ಎಲ್ಲ ಹೇಳಿದ. ಬಸ್ಸಿಗೆಂದು ಎದ್ದು ಬಂದದ್ದನ್ನೂ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಪೂರ್ತಿ ಪಾಠ ಮಾಡಿದ್ದ.

"ಅಂದ್ರ ನಸೀಬ ಅಲ್ಲ," ಎಂದಳು ಅನುಸೂಯಾ. ಧ್ವನಿ ಏರಲಿಲ್ಲ. "ಗೊತ್ತಿಲ್ಲ ಅಂತ ಒಂದ ಮಾತು ಅಂದಿದ್ರ ಬುಧವಾರ ಅಳವಂಡಿಗೆ ಹೋಗ್ತಿದ್ದೆನಲ್ರಿ ಅಣ್ಣಾರ."

ಮರಿಸ್ವಾಮಿ ಬಾಗಿಲ ಚೌಕಟ್ಟು ಹಿಡಿದು ನಿಂತ. ನಿನ್ನೆಯಾದರೂ ಅವಳಿಗೆ ಬೈಯಲು ಹಣೆಬರಹವಿತ್ತು. ಇಂದು ಅವನು ಬಂದು ಅದನ್ನೂ ಕಸಿದುಕೊಂಡಿದ್ದ.

"ನಾಳೆ ಆರಕ್ಕ ಕೂಲಿ ಗಾಡಿ ಬರ್ತತ್ರಿ," ಎಂದು ಅವಳು ಕೈ ತೊಳೆಯಲು ಒಳಗೆ ಹೋದಳು.